ಒಪ್ಪವಾಗಿ ಮಡಿಸಿಟ್ಟ ಹೊದಿಕೆ

ಕ್ಯಾನ್ಸಾಸ್ ಬಯಲಿನ ನಮ್ಮ ಸೇನಾ ಜೈಲಿನಲ್ಲಿ ಸಾರ್ಜೆಂಟ್ ಲೊರೆಟ್ಟಾ ಪ್ರುಯಿಟ್ ಕೈದಿಗಳ ಸಮಾಲೋಚಕಿ, ನಾನು ಅದೇ ಬ್ಲಾಕಿನ ಕಾವಲುಗಾರ. ಅಲಬಾಮಾದ ಹೆಂಗಸು, ಕಂಚಿನ ಕಂಠ. ಅವಳು ಪಿಸುಗುಟ್ಟಿದರೂ ಪಕ್ಕದ ಬ್ಲಾಕಿಗೆ ಕೇಳುತ್ತಿತ್ತು. ತಪ್ಪು ಮಾಡಿ ಒಳಗೆ ಬಂದ ಸೈನಿಕರ ಅಳಲು ಕೇಳುವುದು, ಯಾರಿಗೆ ಕಾವಲು ಬಿಗಿ ಮಾಡಬೇಕು, ಯಾರಿಗೆ ಸಡಿಲಿಸಬಹುದು ಎಂದು ಕ್ಯಾಪ್ಟನ್‌ಗೆ ಹೇಳುವುದು ಅವಳ ಕೆಲಸ. ನನಗೆ ಆ ಕೆಲಸ ಕೊಟ್ಟಿದ್ದರೆ ವಾರದೊಳಗೆ ಕಾಲಿಗೆ ಬುದ್ಧಿ ಹೇಳುತ್ತಿದ್ದೆ.

ವೆಂಡೆಲ್ ಕೋಸಿಕ್ ಎಂಬವನು ಕುಡಿದು ಟ್ರಕ್ ಓಡಿಸಿ ತನ್ನ ಜೀವದ ಗೆಳೆಯನನ್ನೇ ಕೊಂದು ಬಂದಿದ್ದ. ಬಂದ ಹೊಸತರಲ್ಲಿ ಊಟ ಬಿಟ್ಟ, ಗೋಡೆಗೆ ತಲೆ ಚಚ್ಚಿಕೊಂಡ. ಎಲ್ಲಿ ಜೀವ ಕಳೆದುಕೊಳ್ಳುತ್ತಾನೋ ಎಂದು ಲೊರೆಟ್ಟಾ ಹಗಲಿರುಳು ಕಾವಲು ಹಾಕಿಸಿದ್ದಳು. ಚಳಿಗಾಲ ಮುಗಿಯುವಷ್ಟರಲ್ಲಿ ಹುಡುಗ ಬದಲಾದ. ನುಣ್ಣಗೆ ಬೋಳಿಸಿದ ಗಡ್ಡ, ಮಿಂಚುವ ನೆಲ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ ಹೊದಿಕೆ.

"ಏನ್ ಸಾರ್ಜೆಂಟ್, ನಿಮ್ಮ ಶಿಷ್ಯ ಕ್ಯಾಪ್ಟನ್‌ಗಿಂತ ನೀಟಾಗಿದಾನಲ್ಲ," ಎಂದು ನಾನು ರೇಗಿಸಿದೆ.

"ಅವನಿಗಾದ್ರೂ ಬುದ್ಧಿ ಬಂತು. ನೀನು ಯಾವಾಗ?" ಎಂದಳು.

ಸೇನೆಯವರ ಬುದ್ಧಿಯೇ ಹಾಗೆ. ಹಾಸಿಗೆ ನೆಟ್ಟಗಿದ್ದರೆ ಮನುಷ್ಯನೂ ನೆಟ್ಟಗಿದ್ದಾನೆ ಎಂದು ಮೊದಲ ದಿನದಿಂದಲೇ ತಲೆಗೆ ತುಂಬಿರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ನಮಗೆ ಹೊಳೆಯುವುದು ತಡವಾಗಿ. ಶುಕ್ರವಾರ ಲೊರೆಟ್ಟಾ ಕಾವಲು ತೆಗೆಯಬಹುದು ಎಂದಳು. ಮುಂದಿನ ತಿಂಗಳು ಅವನ ಶಿಕ್ಷೆ ಕಡಿತದ ವಿಚಾರಣೆಯಿತ್ತು, ಅದಕ್ಕೂ ಒಳ್ಳೆಯದೇ. ಕ್ಯಾಪ್ಟನ್ ಹ್ಯಾತ್‌ಕಾಕ್ ಕೂಡಲೇ ಒಪ್ಪಿದರು.

ಮರುದಿನ ಮಧ್ಯಾಹ್ನ ಜೋಳದ ಬ್ರೆಡ್ಡು, ಹುರುಳಿಕಾಯಿ ತಿನ್ನುತ್ತಾ ಕೂತಿದ್ದೆವು.

"ನಿಮ್ಮ ಕೋಸಿಕ್ ಸಾಂತಾ ಕ್ಲಾಸ್ ಆಗ್ಬಿಟ್ಟಿದಾನೆ," ಎಂದೆ. "ಕಾಫಿ ಪುಡಿ ಒಬ್ಬನಿಗೆ, ಉಣ್ಣೆ ಕಾಲುಚೀಲ ಇನ್ನೊಬ್ಬನಿಗೆ. ಕೈದಿಗಳು ಹಂಗೆಲ್ಲ ಕೊಡಂಗಿಲ್ಲ ಅಂತ ಗೊತ್ತಿದ್ರೂನೂ."

ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಇರಾಕ್‌ಗೆ ಹೊರಡೋ ಹಿಂದಿನ ದಿನ ನೀನು ಏನ್ ಮಾಡ್ದೆ?"

"ಎಲ್ರೂ ಮಾಡೋದೇ. ಮಂಚ ಒಪ್ಪ ಮಾಡ್ದೆ, ಬೂಟು ಉಜ್ಜಿದೆ. ಒಯ್ಯಕ್ಕಾಗದ್ದನ್ನ ಹಂಚಿಬಿಟ್ಟೆ."

"ಹಂಗಾದ್ರೆ ಇವನು ಎಲ್ಲಿಗೆ ಹೊರಟಿದಾನೆ?"

ತಟ್ಟೆ ಅಲ್ಲೇ ಬಿಟ್ಟು ಕ್ಯಾಪ್ಟನ್ ಹತ್ತಿರ ಹೋದೆವು.

"ನಿನ್ನೆ ತಾನೇ ನೀವೇ ಹೇಳಿದ್ರಿ, ಸಾರ್ಜೆಂಟ್," ಎಂದರು ಅವರು. "ಇವತ್ತು ಹಾಸಿಗೆ ನೀಟಾಗಿದೆ ಅಂತ ಮತ್ತೆ ಕಾವಲು ಹಾಕ್ಲಾ? ಸೋಮವಾರ ಡಾಕ್ಟರು ಬರ್ಲಿ, ನೋಡೋಣ."

ಹೊರಗೆ ಬಂದ ಲೊರೆಟ್ಟಾ ನನ್ನ ತೋಳು ಹಿಡಿದಳು. "ಸೋಮವಾರಕ್ಕೆ ಅವನು ಇರಲ್ಲ. ಸಾಮಾನು ಹಂಚ್ದ ಅಂತ ನೀನು ದೂರು ಕೊಡು. ಶಿಕ್ಷೆ ಕೋಣೆಗೆ ಹಾಕ್ತಾರೆ, ಅಲ್ಲಿ ಎದುರಿಗೇ ಕಾವಲು ಇರತ್ತೆ."

"ವಿಚಾರಣೆ ಹಾಳಾಗತ್ತಲ್ಲ. ಸಾಯೋತನಕ ನಿಮ್ಮನ್ನ ಕ್ಷಮಿಸಲ್ಲ ಅವನು."

"ಸಾಯೋದು ತಡ ಆಗ್ಲಿ, ಅಷ್ಟು ಸಾಕು."

ದೂರು ಕೊಟ್ಟೆ. ಕೋಸಿಕ್‌ನನ್ನು ಹೊರಗೆ ಕರೆದು ಹಾಸಿಗೆ ತಡಕಿದಾಗ ಹೊಲಿಗೆಯೊಳಗೆ ಬ್ಲೇಡಿನ ಚೂರು ಸಿಕ್ಕಿತು. ಅವನು ನಿಯಮದಂತೆ ಕೈ ಹಿಂದೆ ಕಟ್ಟಿ ನಿಂತೇ ಇದ್ದ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಶಿಕ್ಷೆ ಕೋಣೆಯ ಸರಳುಗಳ ಎದುರು ಲೊರೆಟ್ಟಾ ನಿಂತಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬೈಯೋ ವೆಂಡೆಲ್. ನಿನ್ನ ವಿಚಾರಣೆ ಕಿತ್ಕೊಂಡವಳು ನಾನು. ಬಾಯಿಗೆ ಬಂದಂಗೆ ಬೈಯಿ."

ಅವನು ಬೈಯಲಿಲ್ಲ. ಬಹಳ ವಿನಯದಿಂದ ಕೇಳಿದ, "ನಾಳೆ ಭಾನುವಾರ. ನಿಮಗೆ ರಜ ಅಲ್ವಾ, ಸಾರ್ಜೆಂಟ್?"

ತಾನಿಲ್ಲದ ದಿನಕ್ಕೇ ಅವನು ಕಾಯುತ್ತಿದ್ದಾನೆಂದು ಅರಿತ ಲೊರೆಟ್ಟಾ ಕುರ್ಚಿ ಎಳೆದುಕೊಂಡು ಅಲ್ಲೇ ಕೂತಳು.

ಆಮೇಲೆ ಡಾಕ್ಟರು ಬಂದರು, ಔಷಧಿ ಕೊಟ್ಟರು, ಹಳೆಯ ಕಾವಲೂ ಮರಳಿತು. ಕೋಸಿಕ್ ಈಗ ಹೊಟ್ಟೆ ತುಂಬ ಊಟ ಮಾಡುತ್ತಾನೆ, ಎಲ್ಲರೊಡನೆ ನಗುತ್ತಾನೆ. ಪ್ರತಿ ಶನಿವಾರ ಅದೇ ಪ್ರಶ್ನೆ ಕೇಳುತ್ತಾನೆ. ಲೊರೆಟ್ಟಾ ಇದುವರೆಗೆ ಒಂದು ಭಾನುವಾರವೂ ರಜ ತೆಗೆದುಕೊಂಡಿಲ್ಲ.