ಅರಬೈಲ್ ಘಟ್ಟದ ಸೀಟಿ

ಪಿಸ್ಟನ್ನಿಗೆ ತೂತು ಬೀಳಬಹುದಿತ್ತು. ಗ್ಯಾಸ್ಕೆಟ್ ಸುಟ್ಟು ನೀರೂ ಆಯಿಲ್ಲೂ ಬೆರೆತು ಹಾಲು ಹೆಚ್ಚಾದ ಚಹಾದಂತಾಗಬಹುದಿತ್ತು. ಕೆಂಡವಾದ ಟರ್ಬೊದ ಮೇಲೆ ಆಯಿಲ್ ಪೈಪು ಬಿರಿದು, ಅರಬೈಲ್ ಘಟ್ಟದ ನಡುವೆ ನಾವಿಬ್ಬರೂ ಕಾರಿನ ಸಮೇತ ಹೊತ್ತಿಕೊಳ್ಳಬಹುದಿತ್ತು. ಕ್ಲಚ್ಚು ಜಾರಿ ಕಾರು ಹಿಂದಕ್ಕೆ ಉರುಳಬಹುದಿತ್ತು; ಹಿಂದೆ ಅದಿರಿನ ಲಾರಿ ಇದ್ದೇ ಇರುತ್ತಿತ್ತು.

ಈ ಪಟ್ಟಿಯನ್ನು ನಾನು ಓದಿ ಹೇಳಿದಾಗ ಮಿಸ್ತ್ರಿ ಯಾರದೋ ಜೀಪಿನ ಮೇಲೆ ಬಗ್ಗಿದ್ದರು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ಮೇಲೆ, ಮರದ ಹಿಡಿ ಎಡಗಿವಿಗೆ. ಮೂವತ್ತು ವರ್ಷ ಹಾಗೆ ಒತ್ತಿ ಒತ್ತಿ ಆ ಕಿವಿಯ ಮುಂದೆ ನಾಲ್ಕಾಣೆಯಗಲದ ಕಪ್ಪು ಗುರುತು ನಿಂತುಬಿಟ್ಟಿತ್ತು, ಯಾವ ಸಾಬೂನಿಗೂ ಹೋಗದ್ದು.

"ಇಷ್ಟೇನಾ ಮಾಸ್ತರೆ?" ಅಂದರು. "ಬ್ರೇಕ್ ಮರ್ತ್ರಿ."

ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಅಪ್ಪ ಲಾರಿ ಓಡಿಸಿದವರು, ಮಗ ಲಾರಿ ಬಿಚ್ಚಿದವರು. ನಾನು ಇಸಳೂರಿನಿಂದ ಯಲ್ಲಾಪುರದ ಕಾಲೇಜಿಗೆ ದಿನಾ ಹೋಗಿಬರುವ ಮಾಸ್ತರ. ನನ್ನ ಕಾರು ಮಾತ್ರ ಮಾಸ್ತರರದ್ದಲ್ಲ. ಹುಬ್ಬಳ್ಳಿಯ ಭಾವ ರೇಸಿನ ಹುಚ್ಚಿಗೆ ಕೊಂಡು, ಹುಚ್ಚು ಬಿಟ್ಟ ಮೇಲೆ ನನಗೆ ದಾಟಿಸಿದ ಹದಿನಾರುನೂರು ಸಿಸಿಯ ಪೆಟ್ರೋಲ್ ಗಾಡಿ. ಅದು ಓಡಲೆಂದೇ ಹುಟ್ಟಿದ್ದು. ನಾನು ನಲವತ್ತರ ವೇಗ ದಾಟದವನು. ವಾರಕ್ಕೊಮ್ಮೆ ಏನೋ ಸದ್ದು ಕೇಳಿಸಿಕೊಂಡು ಶೆಡ್ಡಿಗೆ ಓಡುತ್ತಿದ್ದೆ. ಒಮ್ಮೆ ಮಿಸ್ತ್ರಿ ಅರ್ಧ ಗಂಟೆ ಹುಡುಕಿ, ಹಿಂದಿನ ಸೀಟಿನಡಿಯಿಂದ ನನ್ನ ಊಟದ ಡಬ್ಬಿ ತೆಗೆದು ಅಲ್ಲಾಡಿಸಿ ತೋರಿಸಿದರು. "ಇಂಜಿನ್ ಅಲ್ಲ ಮಾಸ್ತರೆ, ನಿಮ್ಮ ಚಮಚ."

ಮತ್ತೊಮ್ಮೆ ಕೀಚ್ ಎಂಬ ಸಣ್ಣ ಸ್ವರ. ಮಿಸ್ತ್ರಿ ಬಹಳ ಹೊತ್ತು ಕಿವಿಗೊಟ್ಟು, "ಏನೂ ಇಲ್ಲ, ನಿಮ್ಮ ಹೆದರಿಕೆ" ಅಂದರು. ಮರುದಿನ ಯಲ್ಲಾಪುರದ ದಾರಿಯಲ್ಲಿ ಬೆಲ್ಟ್ ಹರಿಯಿತು. ತುಂಡನ್ನು ತಂದು ಅವರ ಕೈಗಿಟ್ಟೆ, ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಹೆದರಿದ ಹೆಮ್ಮೆಯಲ್ಲಿ. ಅವರು ಅದನ್ನೇ ನೋಡುತ್ತ ಕುಳಿತರು.

"ಸಣ್ಣ ಸ್ವರ ಕೇಳೂದಿಲ್ಲ ಮಾಸ್ತರೆ. ವರ್ಷ ಆಯ್ತು. ಯಾರಿಗೂ ಹೇಳ್ಬೇಡಿ."

ನನ್ನ ಹೆಮ್ಮೆ ಅಲ್ಲಿಗೇ ಇಳಿಯಿತು. ಆಮೇಲೆ ಅವರು ಹಳೇ ಲುಂಗಿಯಲ್ಲಿ ಸುತ್ತಿಟ್ಟಿದ್ದ ಗಂಟು ಬಿಚ್ಚಿದರು. ಒಳಗೆ ಗುಜರಿಯ ಡೀಸೆಲ್ ಗಾಡಿಯೊಂದರಿಂದ ತೆಗೆದ ಟರ್ಬೊ. ಇಂಜಿನ್ ಉಗುಳುವ ಹೊಗೆಯಿಂದಲೇ ಚಕ್ರ ತಿರುಗಿಸಿಕೊಂಡು, ಅದೇ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಬಸವನಹುಳದಾಕಾರದ ಯಂತ್ರ. ಘಟ್ಟ ಹತ್ತುವಾಗ ಅದು ಸೀಟಿ ಹೊಡೆಯುತ್ತದೆ.

"ಬೇರೆಯವ್ರ ಲಾರಿಲಿ ಬೇಕಾದಷ್ಟು ಕೇಳಿದ್ದೆ. ನಾನೇ ಕೂರ್ಸಿದ್ದು ಒಂದ್ಸಲ ಕೇಳ್ಬೇಕು, ಕಿವಿ ಪೂರ್ತಿ ಮುಚ್ಚೂದ್ರೊಳಗೆ. ನಿಮ್ಮ ಗಾಡಿ ಕೊಡಿ."

"ನನ್ನದೇ ಯಾಕೆ?"

"ನಿಮ್ಮಷ್ಟು ಹೆದರೂ ಕಿವಿ ಶಿರಸಿಲಿ ಮತ್ತೊಂದಿಲ್ಲ."

ಮನೆಯಲ್ಲಿ ಹೇಳಿದೆ. "ಸ್ಕೂಟರ್ ಹಿಂದೆ ಕೂತ್ರೂ ನಿಂಗೆ ಹೆದ್ರಿಕೆ," ಅಂದಳು ಹೆಂಡತಿ. "ಆ ಕಾರಿಗೆ ಮತ್ತೂ ಶಕ್ತಿ ಎಂತಕ್ಕೆ? ಆನಂತೂ ಹತ್ತತ್ನಿಲ್ಲೆ." ಕಾರು ಹತ್ತುವುದೇ ಇಲ್ಲವೆಂದ ಅವಳಿಗೂ ಕಾರಣ ಹೇಳುವಂತಿರಲಿಲ್ಲ.

ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಎರಡು ತಿಂಗಳು ಬಸ್ಸಿನಲ್ಲಿ ನೇತಾಡಿದೆ. ಬೆಸುಗೆ ಹಾಕಿದ ಮೊದಲ ಪೈಪು ಬಿರುಕುಬಿಟ್ಟಿತು, ಎರಡನೆಯದೂ. ಮಿಸ್ತ್ರಿ ಶುಕ್ರವಾರದ ನಮಾಜು ಮುಗಿಸಿ ಊಟಕ್ಕೂ ಹೋಗದೆ ಶೆಡ್ಡಿಗೆ ಬರತೊಡಗಿದರು. ದಿನಾ ಬೆಳಿಗ್ಗೆ ನಟ್ಟು ಬಿಗಿಯುವ ಒಂದು ಪಾನಾವನ್ನು ಸಿಮೆಂಟಿನ ನೆಲಕ್ಕೆ ಬೀಳಿಸಿ, ಅದರ ಸದ್ದಿಗೆ ತಲೆ ವಾರೆ ಮಾಡಿ ನಿಲ್ಲುತ್ತಿದ್ದರು. ಮೊದಲು ಎಂಟನೇ ನಂಬರಿನದು. ಕೆಲ ವಾರಗಳಲ್ಲಿ ಅದಕ್ಕಿಂತ ದಪ್ಪದ ಹನ್ನೆರಡರದ್ದು. ಹದಿನೇಳರದ್ದು ಕೈಗೆತ್ತಿಕೊಂಡ ದಿನ ನನ್ನ ಕಡೆ ನೋಡಲಿಲ್ಲ.

ಗಾಳಿ ಹೆಚ್ಚಾದರೆ ಇಂಜಿನ್ನಿನೊಳಗೆ ಡಬ್ಬಿಯಲ್ಲಿ ಗೋಲಿ ಕುಲುಕಿದ ಸದ್ದು ಬರುತ್ತದೆ; ಅದು ಕೇಳದೆ ಹೋದರೆ ಪಿಸ್ಟನ್ ಸತ್ತಂತೆ. ಅದಕ್ಕಾಗಿ ಇಂಜಿನ್ನಿಗೆ ತಾಮ್ರದ ಕೊಳವೆ ಬಿಗಿದು, ಡಾಕ್ಟರರೊಬ್ಬರ ಹಳೇ ಸ್ಟೆತಾಸ್ಕೋಪನ್ನು ಅದಕ್ಕೆ ಸಿಕ್ಕಿಸಿ, ನನ್ನ ಕಿವಿಗಿಟ್ಟರು. ಅವರು ಓಡಿಸುವುದು, ಗೋಲಿ ಕೇಳಿದೊಡನೆ ನಾನು ಅವರ ತೋಳಿಗೆ ಹೊಡೆಯುವುದು, ಇಳಿದು, ಬಿಗಿದಷ್ಟೂ ಗಾಳಿ ಹೆಚ್ಚಿಸುವ ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದು. ಮೊದಲ ದಿನ ಬರೀ ಹೆದರಿಕೆಗೇ ಹನ್ನೊಂದು ಸಲ ಹೊಡೆದೆ. ಬೈಯಲಿಲ್ಲ. "ಹೆದರ್ತಾ ಇರಿ ಮಾಸ್ತರೆ, ಅದೇ ಬೇಕಾದ್ದು" ಅಂದರು. ನನ್ನ ಹೆದರಿಕೆಗೆ ಒಂದು ಕೆಲಸ ಕೊಟ್ಟವರು ಈವರೆಗೆ ಅವರೊಬ್ಬರೇ.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಶೆಡ್ಡಿದ್ದಲ್ಲಿ ಟೈಲ್ಸ್ ಅಂಗಡಿ ಬಂದಿದೆ. ಕೊನೆಕೊನೆಗೆ ನಾನು ಹೇಳಬೇಕಾದ್ದನ್ನು ಕಾಲೇಜಿನ ಚಾಕ್‌ಪೀಸಿನಿಂದ ನೆಲದ ಮೇಲೆ ಬರೆಯುತ್ತಿದ್ದೆ, ಅವರು ಓದಿ ನಗುತ್ತಿದ್ದರು. ಒಂದು ವಿಷಯ ಮಾತ್ರ ನಾನು ಬರೆಯಲೂ ಇಲ್ಲ, ಅವರು ಕೇಳಲೂ ಇಲ್ಲ. ಕಾರು ನನ್ನಲ್ಲಿಯೇ ಇದೆ, ಟರ್ಬೊ ಸಮೇತ. ನನ್ನ ನಲವತ್ತರ ವೇಗದಲ್ಲಿ ಅದು ಬಾಯಿ ಬಿಡುವುದಿಲ್ಲ.

ಅದು ಬಾಯಿ ಬಿಟ್ಟದ್ದು ಆ ಒಂದು ದಿನ. ಅರಬೈಲ್ ಘಟ್ಟ ಇಳಿದು, ಬುಡದಲ್ಲಿ ಕಾರು ತಿರುಗಿಸಿ, ಮಿಸ್ತ್ರಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ನನ್ನ ಬೆನ್ನು ಸೀಟಿಗೆ ಅಂಟಿತು. ಪಿಸ್ಟನ್ನಿಗೆ ತೂತು ಬೀಳಲಿಲ್ಲ. ಗ್ಯಾಸ್ಕೆಟ್ ಹಿಡಿದುಕೊಂಡಿತು, ಪೈಪು ಬಿರಿಯಲಿಲ್ಲ, ಕ್ಲಚ್ಚು ಜಾರಲಿಲ್ಲ, ಅದಿರಿನ ಲಾರಿಗಳೇ ಹಿಂದೆ ಉಳಿದವು. ಕೊಳವೆಯಲ್ಲಿ ಗೋಲಿಯ ಸದ್ದಿಲ್ಲ. ಅದನ್ನು ಕಿವಿಯಿಂದ ತೆಗೆದು ಗಾಜು ಇಳಿಸಿದೆ. ತೆಳ್ಳಗೆ, ಸ್ಪಷ್ಟವಾಗಿ, ತಿರುವಿನಿಂದ ತಿರುವಿಗೆ ಏರುತ್ತ, ಆ ಸೀಟಿ ಘಟ್ಟವನ್ನೆಲ್ಲ ತುಂಬಿತ್ತು. ಪಟ್ಟಿಯಲ್ಲಿ ನಾನು ಬರೆಯದೆ ಬಿಟ್ಟಿದ್ದ ಒಂದು ಸಣ್ಣ ಸಂಗತಿ ಮಾತ್ರ ಎಡವಟ್ಟಾಯಿತು.

ಮಿಸ್ತ್ರಿ ನನ್ನತ್ತ ತಿರುಗಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇನ್ನೊಂದ್ ಸುತ್ತು ಬಿಗೀಬೇಕು ಮಾಸ್ತರೆ," ಅಂದರು. "ಸೀಟಿ ಇನ್ನೂ ಬರ್ಲಿಲ್ಲ."