ಕೊಟ್ಟಿಗೆಯ ಮೇಲಿನ ಸನ್ಮಾನ

ಹಲಗೂರಿನ ಒಂದು ದನದ ಕೊಟ್ಟಿಗೆಯ ಮೇಲೆ ನನ್ನ ಹೆಸರಿದೆ. ಸುಳ್ಳಲ್ಲ, ಕಳೆದ ಭಾನುವಾರ ಕಣ್ಣಾರೆ ನೋಡಿ ಬಂದೆ. ಹೆಂಚು ಒಡೆದ ಕಡೆ ನೀರು ಸೋರದಂತೆ ಒಂದು ಹಳೆಯ ಫ್ಲೆಕ್ಸ್ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದ್ದಾರೆ. ಅದರಲ್ಲಿ ಆರು ಜನ ಮುಖಂಡರು ಕೈಮುಗಿದುಕೊಂಡು ಆಕಾಶ ನೋಡುತ್ತಿದ್ದಾರೆ. ತಗ್ಗಿನ ಸೂರಿನ ಅಂಚಿನಲ್ಲಿ, 'ನಿರೂಪಣೆ' ಎಂಬ ಪದದ ಮುಂದೆ, ನಾನು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇಷ್ಟು ಬಾಳಿಕೆ ಬರುವ ಪ್ರಕಟಣೆ ಬೇರೊಂದು ಸಿಕ್ಕಿಲ್ಲ.

ಆ ಫ್ಲೆಕ್ಸಿನಲ್ಲಿ ಏಳನೆಯ ಮುಖವೂ ಒಂದಿದೆ, ಹುಡುಕಬೇಕು. ಬಲಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ, ಪವಿತ್ರ. ಸನ್ಮಾನ ಅವಳಿಗೇ ಆಗಿದ್ದರಿಂದ ಅವಳ ಫೋಟೋ ಹಾಕದೆ ಗತಿಯಿರಲಿಲ್ಲ. ಪಕ್ಕದಲ್ಲೊಂದು ಚೆಂಡು, ಅದು ವಾಲಿಬಾಲ್. ಹುಡುಗಿ ಆಡುವುದು ಬಾಸ್ಕೆಟ್‌ಬಾಲ್ ಕಣಯ್ಯ ಎಂದು ನಾನು ಹೇಳಿದ್ದಕ್ಕೆ ಫ್ಲೆಕ್ಸ್ ಅಂಗಡಿಯವನು, "ಎಲ್ಡೂ ಗುಂಡ್ಗೇ ಅವಲ್ಲ, ಬುಡಿ ಸಾ" ಎಂದ. ನಾನೂ ಬಿಟ್ಟೆ.

ಪವಿತ್ರ ಮಂಡ್ಯದ ನಮ್ಮ ಕಾಲೇಜಿನಲ್ಲಿ ಬಿ.ಎ. ವಿದ್ಯಾರ್ಥಿನಿ. ಊರು ಹಲಗೂರು, ಅಪ್ಪನಿಗೆ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ, ಇವಳ ವಾಸ ಹಾಸ್ಟೆಲಿನಲ್ಲಿ. ನಮ್ಮ ಹಳೆಯ ಕಟ್ಟಡದ ಬಾಗಿಲುಗಳು ತಗ್ಗು. ಪ್ರತಿದಿನ ತಲೆ ಬಗ್ಗಿಸಿಯೇ ನನ್ನ ತರಗತಿಗೆ ಬರುತ್ತಿದ್ದಳು. ನಾನು ಅದನ್ನು ಗುರುಭಕ್ತಿ ಎಂದುಕೊಂಡಿದ್ದೆ. ಅದು ಎತ್ತರ ಎಂದು ಗುರುತಿಸಿದವರು ದೈಹಿಕ ಶಿಕ್ಷಣದ ಶಿವಲಿಂಗು. ಮೊದಲ ವರ್ಷದಲ್ಲೇ ಅವಳ ಕೈಗೆ ಚೆಂಡು ಕೊಟ್ಟರು.

ನಮ್ಮ ಬಾಸ್ಕೆಟ್‌ಬಾಲ್ ಅಂಕಣದ ವೈಭವವನ್ನೂ ನೀವು ಸ್ವಲ್ಪ ಕೇಳಬೇಕು. ಎರಡು ಕಂಬಗಳಲ್ಲಿ ಒಂದರ ಬುಟ್ಟಿ ಕಳಚಿಬಿದ್ದು ಎಷ್ಟೋ ವರ್ಷವಾಗಿತ್ತು. ಆ ಕಂಬಕ್ಕೆ ವರ್ಷವಿಡೀ ಶಾಮಿಯಾನದ ಹಗ್ಗ. ನಮ್ಮಲ್ಲಿ ಸಮಾರಂಭಗಳು ಎಷ್ಟಿದ್ದವೆಂದರೆ ಹಗ್ಗ ಬಿಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ. ಉಳಿದ ಅರ್ಧ ಅಂಕಣದಲ್ಲಿ ಈ ಹುಡುಗಿ ದಿನಾ ಬೆಳಗ್ಗೆ ಆರಕ್ಕೆ ಚೆಂಡು ಎಸೆಯುತ್ತಿದ್ದಳು. ಮದ್ದೂರಿನಲ್ಲಿ ಅವಳ ಮೊದಲ ಪಂದ್ಯ. ತಂಡದ ಜೊತೆ ಹೋಗಲು ಬೇರೆ ಯಾರೂ ಒಪ್ಪದೆ ಇದ್ದದ್ದರಿಂದ ನಾನೇ ಹೋಗಿದ್ದೆ. ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡಬೇಕೆಂಬುದು ಗಾಬರಿಯಲ್ಲಿ ಮರೆತು, ಹುಲ್ಲಿನ ಹೊರೆಯಂತೆ ಕಂಕುಳಲ್ಲಿ ಅವುಚಿಕೊಂಡು ಆಚೆ ತುದಿಯವರೆಗೂ ಓಡಿಬಿಟ್ಟಳು. ಸೋತೆವು. ವಡೆ ತಿಂದು ವಾಪಸ್ಸಾದೆವು.

ಮರುವರ್ಷ ಮಳವಳ್ಳಿಯಲ್ಲಿ ಅದೇ ಹುಡುಗಿ ಕೊನೆಯ ನಿಮಿಷದಲ್ಲಿ ಚೆಂಡು ಬುಟ್ಟಿಗೆ ಹಾಕಿ ಪಂದ್ಯ ಗೆದ್ದುಕೊಟ್ಟಳು. ಮೈಸೂರಿನಲ್ಲಿ ನಡೆಯುವ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಹೋಗು ಎಂದರು ಶಿವಲಿಂಗು. ಅಂದಿನಿಂದ ಅವಳಿಗೆ ಬೇರೆ ಧ್ಯಾನವಿಲ್ಲ. ಒಂದು ದಿನ ನನ್ನನ್ನು ನಿಲ್ಲಿಸಿ, "ಅಲ್ಲಿ ಎಲ್ಡ್ ಕಡೀಕೂ ಬುಟ್ಟಿ ಇರ್ತವಂತೆ ಸಾ" ಎಂದಳು. ಅಷ್ಟು ಆಸೆ ತುಂಬಿದ ಮುಖವನ್ನು ನನ್ನ ಪಾಠದ ವೇಳೆ ನಾನೆಂದೂ ಕಂಡಿರಲಿಲ್ಲ.

ಆಗ ಕಾಲೇಜಿಗೆ ದಿಢೀರನೆ ಕ್ರೀಡಾಪ್ರೇಮ ಉಕ್ಕಿತು. ಬುಟ್ಟಿ ಹಾಕಿಸೋಣ ಎಂದು ಯಾರೂ ಹೇಳಲಿಲ್ಲ. ಸನ್ಮಾನ ಮಾಡೋಣ ಎಂದರು. ಮುಖಂಡರೊಬ್ಬರ ಬಿಡುವು ನೋಡಿದರೆ ಸಿಕ್ಕಿದ್ದು ಆಯ್ಕೆಯ ದಿನವೇ. ಹುಡುಗಿ ಇನ್ನೂ ಆಯ್ಕೆಯಾಗಿಲ್ಲವಲ್ಲ ಎಂದು ಶಿವಲಿಂಗು ಗೊಣಗಿದರು. "ಆಯ್ತಾಳೆ ಬುಡಿ ಸಾ. ಸನ್ಮಾನ ಮೊದ್ಲು ಆಗೋಗ್ಲಿ" ಎಂದು ಕಾಲೇಜು ಸಮಿತಿಯವರೊಬ್ಬರು ತೀರ್ಪು ಕೊಟ್ಟರು. ಬೆಳಗ್ಗೆ ಹತ್ತಕ್ಕೆ ಸನ್ಮಾನ, ಮಧ್ಯಾಹ್ನ ಎರಡಕ್ಕೆ ಮೈಸೂರಿನಲ್ಲಿ ಆಯ್ಕೆ, ನಡುವೆ ಬಸ್ಸಿನಲ್ಲಿ ಬರೀ ಒಂದು ಗಂಟೆಯ ದಾರಿ. ಲೆಕ್ಕ ಬಹಳ ಚೆನ್ನಾಗಿತ್ತು.

ಹತ್ತಕ್ಕೆ ಬರಬೇಕಾದ ಮುಖಂಡರು ಹನ್ನೆರಡೂಕಾಲಿಗೆ ಬಂದರು. ಪವಿತ್ರಳಿಗೆ ಶಾಲು ಹೊದಿಸಿ, ಹಾರ ಹಾಕಿ, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟು, ತಲೆಗೊಂದು ಪೇಟ ತೊಡಿಸಿದೆವು. ಪೇಟ ದೊಡ್ಡದು, ಹುಬ್ಬಿನವರೆಗೂ ಇಳಿಯಿತು. ಅದರ ಕೆಳಗೆ ಅವಳು ಆಟದ ಬೂಟು ಹಾಕಿಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಳು. ಆಮೇಲೆ ನನ್ನ ಕೈಗೆ ಮೈಕು ಬಂತು. ನನ್ನ ಕೈಗೆ ಮೈಕು ಬಂದರೆ ಏನಾಗುತ್ತದೆಂದು ಮಂಡ್ಯದ ಗುತ್ತಲಿನ ನಮ್ಮ ಬೀದಿಯವರಿಗೆಲ್ಲ ಗೊತ್ತು. ಗಣೇಶನ ಪೆಂಡಾಲಿಗೆ ಅವರು ನನ್ನನ್ನು ಕರೆಯುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಬಾಸ್ಕೆಟ್‌ಬಾಲಿನ ಬಗ್ಗೆ ನನಗೆ ತಿಳಿದದ್ದು ಎರಡು ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತಿಗೆ ನಾಡಿನ ವೀರವನಿತೆಯರನ್ನೆಲ್ಲ ಒಬ್ಬೊಬ್ಬರಾಗಿ ವೇದಿಕೆಗೆ ಕರೆದೆ.

ನಡುವೆ ಪವಿತ್ರ ಕತ್ತು ಚಾಚಿ ಮೆಲ್ಲಗೆ, "ಸಾ, ಸಾಕು ಬುಡಿ ಸಾ. ಬಸ್ಸು ಓಯ್ತದೆ" ಎಂದಳು.

ನಾನು ಮೈಕಿನಲ್ಲೇ, "ನೋಡಿ, ಹೊಗಳಿಕೆ ಸಾಕೆನ್ನುವ ಈ ವಿನಯವನ್ನು ನೋಡಿ" ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಸಂತೋಷಕ್ಕೆ ಇನ್ನೂ ಹತ್ತು ನಿಮಿಷ ಮಾತಾಡಿದೆ.

ಅವಳು ಬಸ್ಸು ಹತ್ತಿದಾಗ ಎರಡಕ್ಕೆ ಕಾಲು ಗಂಟೆಯಿತ್ತು. ಸಮಾರಂಭಕ್ಕೆ ರಜೆ ಹಾಕಿ ಬಂದಿದ್ದ ಅವಳಪ್ಪ ಫ್ಲೆಕ್ಸನ್ನು ಮಡಿಸಿ ಬೈಕಿಗೆ ಕಟ್ಟಿಕೊಂಡು, "ಒಳ್ಳೆ ಗಟ್ಟಿ ಅದೆ" ಎಂದು ಹೊರಟರು. ಆ ದಿನ ಕೈಗೆ ದಕ್ಕಿದ್ದು ಅದೊಂದೇ ಎಂದು ಅವರಿಗೂ ಗೊತ್ತಿರಲಿಲ್ಲ.

ಮರುದಿನ ಅವಳು ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದಳು. "ಮೈಸೂರ್ಗ್ ಓದೆ ಸಾ. ಅಷ್ಟೊತ್ಗೆ ಬಾಲ್ನೆಲ್ಲ ಚೀಲಕ್ಕೆ ತುಂಬ್ತಿದ್ರು" ಎಂದಳು.

"ನಡುವೆ ಎದ್ದು ಹೋಗಬಹುದಿತ್ತಲ್ಲಮ್ಮ" ಎಂದೆ, ಮಹಾನುಭಾವ ನಾನು.

"ತಲೆ ಮ್ಯಾಲೆ ಪೇಟ ಮಡಗಿದ್ರಲ್ಲ ಸಾ" ಎಂದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ. ಅವಳಿಗೆ ಉಳಿದಿದ್ದದ್ದು ಇನ್ನೊಂದೇ ವರ್ಷ, ಇನ್ನೊಂದೇ ಅವಕಾಶ. ಡಿಗ್ರಿ ಮುಗಿದರೆ ಆ ತಂಡದ ಬಾಗಿಲು ಮುಚ್ಚಿದಂತೆಯೇ.

ಈ ವರ್ಷ ಒಂದು ದಿನ ಪವಿತ್ರ ರಜಾ ಅರ್ಜಿ ತಂದಳು. ಅಜ್ಜಿಗೆ ಕಾಯಿಲೆ, ಬಹಳ ಕಷ್ಟ ಎಂದಿತ್ತು. ನಾನು ಮರುಕದಿಂದ ಸಹಿ ಹಾಕಿ, ಅಜ್ಜಿಯಂದಿರ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಕಳಿಸಿದೆ. ವಾರ ಕಳೆದ ಮೇಲೆ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು: ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರು. ಅದರಲ್ಲಿ ಪವಿತ್ರಳ ಹೆಸರು. ಕೇಳಿದರೆ ಶಿವಲಿಂಗು ಬಾಯಿಗೆ ಕರ್ಚೀಫು ಹಿಡಿದು ನಕ್ಕರು. "ಯಾರ್ಗೂ ಯೋಳ್ಬ್ಯಾಡಿ ಸಾ, ಸನ್ಮಾನ ಮಾಡ್ಬುಡ್ತಾರೆ ಅಂತ ಕೈ ಮುಗುದ್ಲು" ಎಂದರು.

ಅವಳ ಭಯ ಸುಳ್ಳಾಗಲಿಲ್ಲ. ಸಮಿತಿ ಅವತ್ತೇ ಸಭೆ ಸೇರಿತು. ಮುಖಂಡರು ಸೋಮವಾರಕ್ಕೆ ಒಪ್ಪಿದರು. ಹುಡುಗಿಯನ್ನು ಒಪ್ಪಿಸಿ ಕರೆತರಲು ಮಾತುಗಾರನೊಬ್ಬ ಬೇಕು ಎಂದು, ಆಮಂತ್ರಣದ ಲಕೋಟೆ ಕೊಟ್ಟು ಭಾನುವಾರ ನನ್ನನ್ನು ಹಲಗೂರಿಗೆ ಅಟ್ಟಿದರು. ಹಾಗೆ ಹೋದಾಗ ಕಂಡದ್ದೇ ಆ ಕೊಟ್ಟಿಗೆ.

ಜಗಲಿಯ ಮೇಲೆ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಕಾಯಿಲೆ ಹೇಗಿದೆ ಎಂದು ಕೇಳಿದೆ.

"ನಂಗ್ಯಾವ ಕಾಯ್ಲೆ? ಗುಂಡ್ಕಲ್ಲಂಗಿವ್ನಿ. ನೀವೇಯಾ ಆ ಬ್ಯಾನರ್ ಮಾಡ್ಸಿದ್ ಮೇಷ್ಟ್ರು? ಒಂದ್ ತೊಟ್ಟು ಸೋರ್ನಿಲ್ಲ ಕಣಪ್ಪ. ಇನ್ನೊಂದ್ ಮಾಡ್ಸಿ, ಆ ಕಡೆ ಸೂರ್ಗೂ ವದಿಸ್ಬೇಕು."

ಅಷ್ಟರಲ್ಲಿ ಪವಿತ್ರ ಹೆಗಲಿಗೆ ಚೀಲ ಹಾಕಿಕೊಂಡು ಹೊರಗೆ ಬಂದಳು. ಬಿಳಿ ಬೂಟು, ಹೊಸ ಜರ್ಸಿ. ನನ್ನನ್ನು ನೋಡಿದಳು, ಜೇಬಿನಿಂದ ಇಣುಕುತ್ತಿದ್ದ ಲಕೋಟೆ ನೋಡಿದಳು, ಮುಖ ಸಣ್ಣದಾಯಿತು. "ಸಾ, ಮ್ಯಾಚ್ಗೆ ಟೀಮ್ ಜೊತೆ ರೈಲ್ ಅತ್ಬೇಕು. ಸಂಜೆ ಐದಕ್ಕೆ ಮೈಸೂರಲ್ಲಿರ್ಬೇಕು ಸಾ" ಎಂದಳು. ಮೂರು ವರ್ಷದಲ್ಲಿ ನಾನು ಗಳಿಸಿದ ಗೌರವ ಇಷ್ಟು: ನನ್ನನ್ನು ಕಂಡರೆ ಈ ಹುಡುಗಿಗೆ ಬಸ್ಸು ತಪ್ಪುವ ಭಯ.

ಲಕೋಟೆಯನ್ನು ಜೇಬಿನೊಳಕ್ಕೆ ತುರುಕಿ, ಗಾಡಿ ಹತ್ತು ಎಂದೆ. ಬಸ್‌ ನಿಲ್ದಾಣದವರೆಗೂ ನಾನು ಬಾಯಿ ಬಿಡಲಿಲ್ಲ. ನನ್ನ ಹೆಂಡತಿ ಇದನ್ನು ನಂಬುವುದಿಲ್ಲ, ನೀವಾದರೂ ನಂಬಿ. ತಿರುವಿನಲ್ಲಿ ಮಳವಳ್ಳಿ ಕಡೆಯ ಬಸ್ಸು ಕಾಣಿಸಿತು.

"ಏನೋ ಯೋಳಕ್ ಬಂದಿದ್ರಲ್ಲ ಸಾ?" ಎಂದಳು ಪವಿತ್ರ.

"ಏನಿಲ್ಲ ಕಣವ್ವ. ಬಸ್ಸು ಬತ್ತಾ ಅದೆ, ಅತ್ಕೊ" ಎಂದೆ.

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಹಲ್ಲು ಬಿಟ್ಟು ನಕ್ಕಳು. ಬಸ್ಸಿನ ಬಾಗಿಲು ತಗ್ಗಿತ್ತು, ತಲೆ ಬಗ್ಗಿಸಿ ಒಳಗೆ ಹೋದಳು. ಈ ಸಲ ನಾನು ಅದನ್ನು ಎತ್ತರ ಎಂದೇ ತಿಳಿದೆ.