ಚಿಮಣಿ ಅಳೆಯಲು ಬರುತ್ತಿದ್ದವರು

ರೋಣದ ರಸ್ತೆಯ ಗೊಬ್ಬರದ ಫ್ಯಾಕ್ಟರಿಯಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದಾಗ, ಚಿಮಣಿಯ ಧೂಳು ಅಳೆಯಲು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಆಗಾಗ ಒಬ್ಬರು ಗಜೇಂದ್ರಗಡದ ಬಸ್ಸಿಗೆ ಬರುತ್ತಿದ್ದರು. ನಮ್ಮ ಚಹಾ ಮುಟ್ಟುತ್ತಿರಲಿಲ್ಲ. ಕುರ್ಚಿ ಒರೆಸಿ, ಒರೆಸಿದ ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡಿಯೇ ಕೂಡುತ್ತಿದ್ದರು. ನಾವು ಏನು ಹೇಳಿದರೂ ಅವರದು ಒಂದೇ ಮಾತು: "ಹೌದೇನ್ರಿ? ನೋಡೂಣು." ಆ ಮಾತಿಗೆ ನನಗೆ ಸಿಟ್ಟು ಬರುತ್ತಿತ್ತು.

ಅವರು ಬರುವ ದಿನ ಮ್ಯಾನೇಜರಿಗೆ ಹೇಗೋ ಮೊದಲೇ ತಿಳಿಯುತ್ತಿತ್ತು. ಹಿಂದಿನ ಸಂಜೆಯೇ ಒಳಗಿನ ಗಿಡಗಳಿಗೆಲ್ಲ ಪೈಪಿನಿಂದ ನೀರು ಹೊಡೆಸಿ ಧೂಳು ತೊಳೆಸುತ್ತಿದ್ದರು. ಮರುದಿನ ಚಿಮಣಿಯಿಂದ ಧೂಳು ಕಡಿಮೆ ಬರಲೆಂದು ಮಷಿನ್ ಅರ್ಧ ವೇಗದಲ್ಲೇ ಓಡುತ್ತಿತ್ತು.

ಕಡೆಯ ಸಲ ಚಿಮಣಿಗೆ ಹಿಡಿದ ಫಿಲ್ಟರ್ ಕಾಗದ ಹೊಸದರಂತೆಯೇ ಹೊರಬಂತು. ಅವರ ಮುಖ ಮಾತ್ರ ಗಂಟಾಯಿತು. ಗೇಟಿನ ಒಳಗಿದ್ದ ಬೇವಿನ ಎಲೆ ತಿಕ್ಕಿ ನೋಡಿದರು.

"ಎಲಿ ಭಾಳ ಸ್ವಚ್ಛ ಅದಾವಲ್ರಿ."

"ನಿನ್ನೆ ಮಳಿ ಆತ್ರಿ," ಅಂದೆ.

"ಹೌದೇನ್ರಿ? ನೋಡೂಣು."

ಗೇಟು ದಾಟಿ, ರಸ್ತೆಯಾಚೆಯ ಬೇವಿನ ಎಲೆಗೆ ಕರವಸ್ತ್ರ ಒತ್ತಿದರು. ಅದು ಬೂದಿ ಬಣ್ಣಕ್ಕೆ ತಿರುಗಿತು. ಅವರು ನನ್ನನ್ನು ಬೈಯಲಿಲ್ಲ. ನನ್ನ ಟೇಬಲ್ಲಿಗೆ ಬಂದು, ವರದಿಯಲ್ಲಿ ಹವಾಮಾನ ಬರೆಯುವ ಜಾಗದಲ್ಲಿ ನನ್ನ ಕೈಯಿಂದಲೇ ಟೈಪ್ ಮಾಡಿಸಿದರು: "ನಿನ್ನೆ ಮಳೆಯಾಗಿದೆ. ಕಾಂಪೌಂಡಿನ ಒಳಗೆ ಮಾತ್ರ."

ಅದರ ಕೆಳಗೆ ಸಾಕ್ಷಿಯೆಂದು ನನ್ನ ಸಹಿ ಬೇಕಿತ್ತು. ನಾನು ಪೆನ್ನು ಹುಡುಕುವಷ್ಟರಲ್ಲಿ ತಮ್ಮದನ್ನೇ ಮುಚ್ಚಳ ತೆಗೆದು ಕೊಟ್ಟರು.